ಆಕಾಶಕ್ಕೆ ಬೇಲಿ, ಜೇಬಿಗೆ ಕತ್ತರಿ

ಸೇತುವೆ ಕೊಚ್ಚಿಹೋದರೆ ಬಸ್ಸು ಸುತ್ತುದಾರಿ ಹಿಡಿಯುತ್ತದೆ, ಚಾರ್ಜೂ ಏರುತ್ತದೆ. ಆಕಾಶದಲ್ಲೂ ಅದೇ ಪಾಡು.

ಪಹಲ್ಗಾಮ್ ಹತ್ಯಾಕಾಂಡದ ಬೆನ್ನಿಗೇ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿತು. ದಿಲ್ಲಿಯಿಂದ ಯೂರೋಪು, ಅಮೆರಿಕಕ್ಕೆ ಹೊರಟ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಬಳಸಿ ಹಾರಬೇಕಾಯ್ತು. ಕೆಲವು ವಿಯೆನ್ನಾದಲ್ಲಿಳಿದು ಎಣ್ಣೆ ತುಂಬಿಸಿಕೊಂಡವು. ಈ ಎಣ್ಣೆಯ ಲೆಕ್ಕ ಕೊನೆಗೆ ಬಂದು ಕೂರುವುದು ಟಿಕೇಟಿನ ಮೇಲೆ ತಾನೆ?

ಹಾಗಾದರೆ ಅಗ್ಗದ ದಾರಿಯೇ ಇಲ್ಲವೆ? ಉಂಟು. ನಿಷೇಧ ಬಿದ್ದದ್ದು ಭಾರತದ ಕಂಪನಿಗಳಿಗೆ, ವಿದೇಶಿ ಕಂಪನಿಗಳಿಗಲ್ಲ. ಆದ್ದರಿಂದ ಎರಡು ಕಡೆಯ ದರವನ್ನೂ, ಪ್ರಯಾಣದ ಗಂಟೆಗಳನ್ನೂ ತೂಗಿ ನೋಡಬೇಕು. ದುಬೈ, ದೋಹಾದಲ್ಲಿ ಇಳಿದು ಹತ್ತುವ ಟಿಕೇಟು ಎಷ್ಟೋ ಸಲ ಅಗ್ಗ. ಆದರೆ ಅದೇ ವರ್ಷ ಜೂನ್ 23ರಂದು ಕತಾರ್ ಕೂಡ ಆಕಾಶ ಮುಚ್ಚಿ, ಸಾವಿರಾರು ಜನ ನಡುದಾರಿಯಲ್ಲಿ ಸಿಕ್ಕಿಬಿದ್ದರು.

ಗುಟ್ಟಿರುವುದು ಇಲ್ಲೇ. ಇಡೀ ಪ್ರಯಾಣ ಒಂದೇ ಟಿಕೇಟಿನಲ್ಲಿದ್ದರೆ, ಮುಂದಿನ ವಿಮಾನ ತಪ್ಪಿದಾಗ ಬೇರೆ ಹತ್ತಿಸುವ ಹೊಣೆ ಕಂಪನಿಯದು. ಎರಡು ಬಿಡಿ ಟಿಕೇಟು ಕೊಂಡವರಿಗೆ ಎರಡನೆಯದರ ದುಡ್ಡು ನೀರುಪಾಲು. ಮಗಳ ಬಾಣಂತನಕ್ಕೆ ಹೊರಟ ತಾಯಿ ಭಾಷೆ ಬಾರದ ಊರಲ್ಲಿ ಬೆಂಚಿನ ಮೇಲೆ ರಾತ್ರಿ ಕಳೆಯುವಂತಾದರೆ, ಉಳಿಸಿದ ನಾಲ್ಕು ಕಾಸು ಯಾವ ಭಾಗ್ಯಕ್ಕೆ?