ಬರುವಾಗ ನಿಮಿಷದ ಲೆಕ್ಕ, ಹೋಗುವಾಗ?

ಮೂರು ಲೇಟಿಗೆ ಅರ್ಧ ದಿನ. ಮುಂಬಯಿಯ ಸಿ.ಎ. ಆಫೀಸಿನಿಂದ ಹೈದರಾಬಾದಿನ ಬಟ್ಟೆ ಅಂಗಡಿಯವರೆಗೆ, ಪುಣೆಯ ವರ್ಕ್‌ಶಾಪಿನಿಂದ ದೆಹಲಿಯ ಖಾಸಗಿ ಶಾಲೆಯವರೆಗೆ ಈ ನಿಯಮ ಕೇಳಿರದ ನೌಕರ ಸಿಗುವುದು ಕಷ್ಟ. ತಿಂಗಳಲ್ಲಿ ಮೂರು ಸಲ ಹತ್ತು ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಯಿತು. ಲೆಕ್ಕ ಹಾಕಿ ನೋಡಬಹುದು. ತಿಂಗಳಿಗೆ 26 ಸಾವಿರ ರೂಪಾಯಿ ಸಂಬಳ, 26 ದಿನದ ಕೆಲಸ, ದಿನಕ್ಕೆ 8 ಗಂಟೆ ಎಂದಿಟ್ಟುಕೊಂಡರೆ ಆ ಮೂವತ್ತು ನಿಮಿಷದ ಬೆಲೆ 62 ರೂಪಾಯಿ 50 ಪೈಸೆ. ಮುರಿದುಕೊಳ್ಳುವುದು 500 ರೂಪಾಯಿ, ಅಂದರೆ ಎಂಟು ಪಟ್ಟು. ಅದೇ ನೌಕರ ಅದೇ ತಿಂಗಳು ಹತ್ತು ದಿನ ಒಂದೊಂದು ಗಂಟೆ ಹೆಚ್ಚು ಕೂತು ಕೆಲಸ ಮುಗಿಸಿ ಹೋಗಿದ್ದರೆ? ಅದನ್ನು ಬರೆಯಲು ಕಾಲಮ್ಮೇ ಇರುವುದಿಲ್ಲ.

ಇದು ಬರೀ ಜುಗ್ಗತನದ ಪ್ರಶ್ನೆಯಲ್ಲ. 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಮು, ನೌಕರ ಎಷ್ಟು ಹೊತ್ತು ಗೈರುಹಾಜರಾಗಿದ್ದನೋ ಅಷ್ಟಕ್ಕೆ ತಕ್ಕ ಪ್ರಮಾಣಕ್ಕಿಂತ ಹೆಚ್ಚು ಸಂಬಳ ಮುರಿಯಬಾರದು ಎಂದಿತ್ತು. ಹತ್ತು ಮಂದಿ ಅಥವಾ ಹೆಚ್ಚು ಜನ ಒಟ್ಟಾಗಿ ನೋಟಿಸು ಕೊಡದೆ ಕೆಲಸ ಬಿಟ್ಟಾಗ ಮಾತ್ರ ವಿನಾಯಿತಿ. ಆ ಕಾಯ್ದೆ ಒಂದು ಮಿತಿಗಿಂತ ಕಡಿಮೆ ಸಂಬಳದವರಿಗಷ್ಟೇ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ಬಂದು, 2025ರ ನವೆಂಬರ್ 21ರಿಂದ ಜಾರಿಯಾಗಿರುವ 2019ರ ವೇತನ ಸಂಹಿತೆಯಲ್ಲೂ ಇದೇ ಮಾತಿದೆ. ದಂಡ ಎಂದು ಹೆಸರಿಟ್ಟು ಮುರಿಯಬೇಕೆಂದರೆ ಅದಕ್ಕೆ ಬೇರೆ ಕ್ರಮವಿದೆ: ಯಾವ ತಪ್ಪಿಗೆ ದಂಡ ಎಂದು ಮೊದಲೇ ತಿಳಿಸಿರಬೇಕು, ನೌಕರನ ಸಮಜಾಯಿಷಿ ಕೇಳಬೇಕು. ಇಷ್ಟನ್ನೂ ಬಲ್ಲ ಜಾಣ ಎಚ್.ಆರ್.ಗಳು ಸಂಬಳ ಮುಟ್ಟುವುದಿಲ್ಲ, ಅರ್ಧ ದಿನದ ರಜೆ ಮುಟ್ಟುತ್ತಾರೆ.

ಇಷ್ಟು ಪೀಠಿಕೆ ಯಾಕೆಂದರೆ, ನೌಕರರ ಕೆಲಸದ ಗಂಟೆಗಳ ಲೆಕ್ಕ ಇಡಲು ಯಾವ ವಿಧಾನ ಒಳ್ಳೆಯದು ಎಂಬ ಪ್ರಶ್ನೆ ಬಂದಾಗಲೆಲ್ಲ ಅದನ್ನು ಯಂತ್ರದ ಪ್ರಶ್ನೆ ಮಾಡಿಬಿಡುತ್ತಾರೆ. ಪುಸ್ತಕವೋ ಕಾರ್ಡೋ, ಬೆರಳೋ ಮುಖವೋ, ಮೊಬೈಲ್ ಆ್ಯಪೋ. ಯಂತ್ರ ಮಾರಲು ಬರುವವರ ಮಾತು ಶುರುವಾಗುವುದೇ ಕಳ್ಳತನದಿಂದ. ಒಬ್ಬ ಇನ್ನೊಬ್ಬನ ಪಂಚ್ ಹೊಡೆಯುತ್ತಾನೆ, ಆರೂವರೆಗೆ ಬಂದು ಆರು ಎಂದು ಬರೆಯುತ್ತಾನೆ. ಇದಕ್ಕೆಲ್ಲ ‘ಟೈಮ್ ಥೆಫ್ಟ್’ ಎಂಬ ಹೆಸರೂ ಇದೆ. ಹತ್ತು ಗಂಟೆ ಪುಕ್ಕಟೆ ದುಡಿಸಿಕೊಂಡ ಮಾಲೀಕನ ಬಗ್ಗೆ ಆ ಹೆಸರನ್ನು ಅವರ್‍ಯಾರೂ ಬಳಸುವುದಿಲ್ಲ. ಹಾಗಾಗಿ ಎಂಥ ಯಂತ್ರ ಕೊಂಡರೂ ಅದರ ಕಣ್ಣು ಒಂದೇ ದಿಕ್ಕಿಗಿರುತ್ತದೆ.

ಕನ್ನಡದಲ್ಲಿ ನಾವು ಬಳಸುವ ಮಾತಿನಲ್ಲೇ ಆ ದಿಕ್ಕು ಇದೆ. ‘ಹಾಜರಿ’ ಮತ್ತು ‘ಹುಜೂರು’ ಒಂದೇ ಅರಬ್ಬಿ ಧಾತುವಿನಿಂದ ಬಂದವು. ಎದುರಿಗಿರುವುದು ಹಾಜರು, ದೊಡ್ಡವರ ಸನ್ನಿಧಾನ ಹುಜೂರು. ‘ಮಸ್ಟರ್’ ಸೈನ್ಯದ ತಲೆ ಎಣಿಕೆಯಿಂದ ಬಂದದ್ದು. ಎರಡೂ ಮೈ ಎದುರಿಗಿದೆಯೇ ಎಂದು ಕೇಳುವ ಮಾತುಗಳು. ಎಷ್ಟು ಹೊತ್ತು ದುಡಿದೆ ಎಂದು ಕೇಳುವ ಮಾತು ನಮ್ಮಲ್ಲಿ ಹಾಜರಿಯಷ್ಟು ಬಳಕೆಗೆ ಬರಲಿಲ್ಲ. ಬಂದದ್ದು ‘ಓಟಿ’. ಅದೂ ಕಾರ್ಖಾನೆಯವರ ಬಾಯಲ್ಲಿ ಮಾತ್ರ.

ಗಡಿಯಾರ ಯಾರ ಕೈಯಲ್ಲಿದೆ ಎಂಬುದು ಹಳೆಯ ಜಗಳ. 19ನೇ ಶತಮಾನದ ಬ್ರಿಟನ್ನಿನ ಗಿರಣಿಗಳಲ್ಲಿ ಬೆಳಿಗ್ಗೆ ಗಡಿಯಾರ ಮುಂದೆ ತಿರುಗಿಸಿ ಸಂಜೆ ಹಿಂದೆ ತಿರುಗಿಸುತ್ತಿದ್ದರೆಂಬ ಕಾರ್ಮಿಕರ ಹೇಳಿಕೆಗಳನ್ನು ಇತಿಹಾಸಕಾರ ಇ.ಪಿ. ಥಾಂಪ್ಸನ್ 1967ರ ತಮ್ಮ ಪ್ರಬಂಧದಲ್ಲಿ ಎತ್ತಿ ತೋರಿಸಿದ್ದಾರೆ. 1888ರ ಹೊತ್ತಿಗೆ ಅಮೆರಿಕದ ಆಬರ್ನ್ ಊರಿನ ಒಡವೆ ಅಂಗಡಿಯ ವಿಲರ್ಡ್ ಬಂಡಿ ಎಂಬಾತ ಪ್ರತಿ ಕೆಲಸಗಾರನಿಗೂ ನಂಬರಿನ ಕೀಲಿ ಕೊಟ್ಟು ಸಮಯ ಅಚ್ಚೊತ್ತುವ ಯಂತ್ರ ಮಾಡಿದ. ಅವನ ಕಂಪನಿ ಮುಂದೆ ಇತರ ಕಂಪನಿಗಳ ಜೊತೆ ಸೇರಿ ಐಬಿಎಂ ಆಯಿತು. ಮುಂಬಯಿಯದೇ ಕತೆ ಬೇಕೆಂದರೆ, 1906ರ ಜನವರಿಯಲ್ಲಿ ಭಾರತೀಯ ಕಾಲಮಾನ ಜಾರಿಗೆ ಬಂದಾಗ ಅದು ಬಾಂಬೆ ಟೈಮಿಗಿಂತ 39 ನಿಮಿಷ ಮುಂದಿತ್ತು. ಗಿರಣಿ ಮಾಲೀಕರು ಹೊಸ ಗಡಿಯಾರಕ್ಕೆ ಬದಲಾದಾಗ ಕಾರ್ಮಿಕರು ಸಿಡಿದೆದ್ದರು. ಸರ್ಕಾರಕ್ಕೆ ಅದು ಬರೀ ಮುಳ್ಳು ತಿರುಗಿಸುವ ಕೆಲಸ, ಅವರಿಗೆ 39 ನಿಮಿಷ ಮೊದಲು ಕತ್ತಲಲ್ಲಿ ಎದ್ದು ಹೋಗುವ ಕೆಲಸ. ನಗರದ ಬಹುಭಾಗ ಸ್ವಾತಂತ್ರ್ಯ ಬಂದ ಮೇಲೂ ಕೆಲ ವರ್ಷ ಹಳೆಯ ಗಡಿಯಾರವನ್ನೇ ನಂಬಿಕೊಂಡಿತ್ತು.

ಅದೇ ನಗರದ ಒಂದು ಉಡುಪಿ ಹೋಟೆಲನ್ನು ಎಣಿಸಿಕೊಳ್ಳಿ. ಮೂವತ್ತು ಜನ ಕೆಲಸದವರು. ಬೆಳಿಗ್ಗೆ ಆರರಿಂದ ಹನ್ನೊಂದು, ಮತ್ತೆ ಸಂಜೆ ನಾಲ್ಕರಿಂದ ಶಟರ್ ಎಳೆಯುವವರೆಗೆ. ಇಷ್ಟು ವರ್ಷ ಗಲ್ಲಾದ ಪಕ್ಕದ ಪುಸ್ತಕದಲ್ಲಿ ಮ್ಯಾನೇಜರ್ ‘ಪಿ’ ಎಂದು ಬರೆದರೆ ಮುಗಿಯಿತು. ಈಗ ಧಣಿಗೆ ಒಂದು ಯಂತ್ರ ಬೇಕು. ಅವರ ಕಷ್ಟವೂ ಸುಳ್ಳಲ್ಲ. ಬಾಡಿಗೆ, ಗ್ಯಾಸು, ಡೆಲಿವರಿ ಆ್ಯಪಿನ ಕಮಿಷನ್ ಎಲ್ಲ ಕಟ್ಟಿ ಉಳಿಯುವುದು ಅಷ್ಟರಲ್ಲೇ. ಆರಕ್ಕೆ ಬರಬೇಕಾದ ದೋಸೆ ಭಟ್ಟರು ಆರೂ ಮುಕ್ಕಾಲಿಗೆ ಬಂದರೆ ಬೆಳಗಿನ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾರೆ. ಅವರು ಕೇಳುವುದು ನ್ಯಾಯವೇ.

ಯಂತ್ರ ಬಾಗಿಲ ಬಳಿ ಬರುತ್ತದೆ. ಒಂದು ವಾರದಲ್ಲೇ ಗೊತ್ತಾಗುವ ಸಂಗತಿ, ಅದು ಎಲ್ಲರ ಬೆರಳನ್ನೂ ಗುರುತಿಸುವುದಿಲ್ಲ. ಗಲ್ಲಾದಲ್ಲಿ ಕೂರುವವರ ಬೆರಳು ಸಲೀಸಾಗಿ ಹಿಡಿಯುತ್ತದೆ. ಮೋರಿಯ ಹತ್ತಿರ ದಿನವಿಡೀ ಸೋಪಿನ ನೀರಲ್ಲಿ ಕೈಯಿಟ್ಟವನ, ತೆಂಗಿನಕಾಯಿ ತುರಿದು ತುರಿದು ಗೆರೆ ಸವೆದವನ ಬೆರಳು ಕೆಂಪು ದೀಪ ಹೊತ್ತಿಸುತ್ತದೆ. ಯಾರು ಕೈಯಿಂದ ಹೆಚ್ಚು ದುಡಿಯುತ್ತಾರೋ ಅವರ ಕೈಯನ್ನೇ ಅದು ಒಪ್ಪುವುದಿಲ್ಲ. ಅವನು ಮತ್ತೆ ಮ್ಯಾನೇಜರ್ ಹತ್ತಿರ ಹೋಗಿ ‘ಸ್ವಲ್ಪ ಬರ್ಕೊಳ್ಳಿ’ ಎನ್ನಬೇಕು. ಪುಸ್ತಕದ ಕಾಲದಲ್ಲಿ ಎಲ್ಲರೂ ಮ್ಯಾನೇಜರ ಮರ್ಜಿಯಲ್ಲಿದ್ದರು. ಈಗ ಪಾತ್ರೆ ತೊಳೆಯುವವನೊಬ್ಬ ಇದ್ದಾನೆ.

ರಾತ್ರಿ ಹತ್ತೂವರೆಗೆ ಶಟರ್ ಅರ್ಧ ಎಳೆಯುತ್ತಾರೆ. ಮಾಣಿಗಳು ಸಾಲಾಗಿ ಪಂಚ್ ಮಾಡುತ್ತಾರೆ. ಆಮೇಲೆ ಕುರ್ಚಿ ಮೇಜಿನ ಮೇಲೇರುತ್ತವೆ, ನೆಲ ಒರೆಸುವುದಾಗುತ್ತದೆ, ನಾಳೆಗೆ ಅಕ್ಕಿ ಉದ್ದು ರುಬ್ಬುವುದಾಗುತ್ತದೆ. ಮುಕ್ಕಾಲು ಗಂಟೆ. ಯಂತ್ರದ ಪ್ರಕಾರ ಆಗ ಹೋಟೆಲಿನಲ್ಲಿ ಯಾರೂ ಇಲ್ಲ.

ಇದು ಸಣ್ಣ ಹೋಟೆಲಿನ ಸಣ್ಣತನ ಎಂದುಕೊಳ್ಳುವವರಿಗೆ 2018ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ತೀರ್ಮಾನಿಸಿದ ಸ್ಟಾರ್‌ಬಕ್ಸ್ ಮೊಕದ್ದಮೆಯಿದೆ. ಅಲ್ಲೂ ಇದೇ ಕತೆ. ಅಂಗಡಿ ಮುಚ್ಚುವ ಪಾಳಿಯ ನೌಕರ ಮೊದಲು ಕಂಪ್ಯೂಟರಿನಲ್ಲಿ ತನ್ನ ಹೊತ್ತು ಮುಗಿಸಬೇಕು, ಆಮೇಲೆ ಮಾರಾಟದ ಲೆಕ್ಕ ಕಳಿಸಿ, ಅಲಾರ್ಮ್ ಹಾಕಿ, ಬಾಗಿಲು ಬೀಗ ಹಾಕಬೇಕು. ದಿನಕ್ಕೆ ನಾಲ್ಕರಿಂದ ಹತ್ತು ನಿಮಿಷ. 17 ತಿಂಗಳಲ್ಲಿ ಕೂಡಿದರೆ 12 ಗಂಟೆ 50 ನಿಮಿಷ, 102 ಡಾಲರ್ 67 ಸೆಂಟು. ಅಷ್ಟು ಚಿಲ್ಲರೆ ಸಮಯ ಅಳೆಯುವುದು ಕಷ್ಟ ಎಂಬುದು ಕಂಪನಿಯ ವಾದ. ದಿನವೂ ಮಾಡಿಸುವ ಕೆಲಸಕ್ಕೆ ಆ ವಾದ ನಡೆಯದು ಎಂದಿತು ಕೋರ್ಟು. ಬೆಳಿಗ್ಗೆ ಅಳೆಯಲು ಬರುವ ನಿಮಿಷ ರಾತ್ರಿ ಅಳೆಯಲು ಬಾರದೆ ಹೋಗುವುದು ಹೇಗೆ?

ಕಳ್ಳರನ್ನು ಹಿಡಿಯಲೆಂದೇ ವಿಧಾನ ಆರಿಸಿದರೆ ಏನಾಗುತ್ತದೆಂಬುದಕ್ಕೆ ದೇಶದ ಮಟ್ಟದ ಉದಾಹರಣೆಯೂ ಇದೆ. ಉದ್ಯೋಗ ಖಾತರಿ ಯೋಜನೆಯ ಕೆಲಸಗಾರರ ಹಾಜರಿಗೆ 2021ರಲ್ಲಿ ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪ್ ಬಂತು. 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲೇ ಫೋಟೋ ತೆಗೆದು ಕಳಿಸಬೇಕು. ಆ ಯೋಜನೆಯಲ್ಲಿ ಬಹುಪಾಲು ಕೂಲಿ ಅಳತೆಯ ಮೇಲೆ, ಎಷ್ಟು ಮಣ್ಣು ತೋಡಿದರೋ ಅಷ್ಟಕ್ಕೆ. ಬಿಸಿಲೇರುವ ಮೊದಲೇ ಬಂದು ಅಳತೆ ಮುಗಿಸಿದ ಹೆಂಗಸರು ಎರಡನೇ ಫೋಟೋಗಾಗಿ ಕಾಯಬೇಕಾಯಿತು. ಅಂದರೆ ಅಳತೆಯ ಕೂಲಿಗೆ ಹೊತ್ತಿನ ಕಾವಲು. ನೆಟ್‌ವರ್ಕ್ ಇಲ್ಲದೆ ಫೋಟೋ ಹೋಗದಿದ್ದರೆ ತೋಡಿದ ಗುಂಡಿ ಕಣ್ಣೆದುರಿಗಿದ್ದರೂ ಆ ದಿನ ಗೈರು. ವಂಚನೆಯಾದರೂ ನಿಂತಿತೇ? 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವೇ ಇಲ್ಲದ ಫೋಟೋಗಳು, ಫೋಟೋದ ಫೋಟೋಗಳು ಬರುತ್ತಿವೆ ಎಂದು ಪಟ್ಟಿ ಮಾಡಿತು. ಪಂಚಾಯಿತಿ ಮಟ್ಟದಲ್ಲಿ ಎಲ್ಲ ಫೋಟೋಗಳನ್ನೂ ಮನುಷ್ಯರೇ ನೋಡಿ ಪರಿಶೀಲಿಸಬೇಕು ಎಂದಿತು. ಸುತ್ತಿ ಸುತ್ತಿ ಮತ್ತೆ ಮನುಷ್ಯರ ಕಣ್ಣಿಗೇ ಬಂತು. ಈ ನಡುವೆ ಕೂಲಿ ಕಳೆದುಕೊಂಡವರಿಗೆ ಅದನ್ನು ಸರಿಪಡಿಸಿಕೊಳ್ಳುವ ಹಾದಿ ಸುಲಭವಾಗಿರಲಿಲ್ಲ.

ನಾಗಪುರ, ಚಂಡೀಗಢ, ಪಂಚಕುಲಾಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಎಲ್ಲಿದ್ದಾರೆ, ಎಷ್ಟು ಹೊತ್ತು ನಿಂತರು, ಎಲ್ಲ ಪರದೆಯ ಮೇಲೆ. ಶೌಚಕ್ಕೆ ಹೋಗಲೂ ಹಿಂಜರಿಕೆ ಎಂದು ಹೆಂಗಸರು ದೂರಿದರು. ಹೆಲ್ಮೆಟ್ಟು ಗ್ಲೌಸು ಕೇಳಿದರೆ ಬಜೆಟ್ಟಿನ ನೆಪ ಹೇಳುವವರಿಗೆ ವಾಚಿನ ಬಾಡಿಗೆಗೆ ದುಡ್ಡು ಸಿಗುತ್ತದೆ. ದೊಡ್ಡ ಸಾಹೇಬರ ಕೈಗೆ ಅಂಥ ವಾಚು ಕಟ್ಟಿದ ನಗರಸಭೆ ಯಾವುದು?

ಆಫೀಸಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರುವವರು ಇದೆಲ್ಲ ತಮಗಲ್ಲ ಎಂದುಕೊಳ್ಳುತ್ತಾರೆ. ಅವರಿಗೆ ಮೌಸ್ ಎಷ್ಟು ಅಲ್ಲಾಡಿತು ಎಂದು ಎಣಿಸುವ ಸಾಫ್ಟ್‌ವೇರ್ ಇದೆ. ಅದನ್ನು ಏಮಾರಿಸಲು ಮೌಸನ್ನು ತಾನೇ ಅಲ್ಲಾಡಿಸುವ ‘ಜಿಗ್ಲರ್’ ಎಂಬ ಆಟಿಕೆಯೂ ಇದೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಕೀಬೋರ್ಡ್ ಚಟುವಟಿಕೆಯ ಸೋಗು ಹಾಕಿದರೆಂದು ಹತ್ತಕ್ಕೂ ಹೆಚ್ಚು ಜನರನ್ನು ತೆಗೆದುಹಾಕಿತು. ಇಷ್ಟಾದರೂ ‘ನಾವು ಪ್ರೊಫೆಷನಲ್ಲುಗಳು, ಗಂಟೆ ಎಣಿಸುವವರಲ್ಲ’ ಎಂಬ ಬಿಂಕ ಹೋಗಿಲ್ಲ. ಆ ಬಿಂಕದ ಬೆಲೆ ಅವರೇ ಕೊಡುತ್ತಿದ್ದಾರೆ. ಕರ್ನಾಟಕದಲ್ಲಿ 2024ರ ಜುಲೈನಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಆದರೆ ಈಗಾಗಲೇ ದಿನಕ್ಕೆ ಎಷ್ಟು ಗಂಟೆ ಕೆಲಸ ನಡೆಯುತ್ತಿದೆ ಎಂದು ಕಾಗದದ ಮೇಲೆ ತೋರಿಸಬಲ್ಲ ನೌಕರ ಎಷ್ಟು ಜನ? ಸ್ವೈಪ್ ಕಾರ್ಡಿನ ದಾಖಲೆ ಪೂರ್ತಿ ಕಂಪನಿಯ ಸರ್ವರಿನಲ್ಲಿದೆ. ಮನೆಗೆ ಬಂದ ಮೇಲೆ ರಾತ್ರಿ ಹನ್ನೊಂದರ ಕಾಲ್‌ಗೆ ಅದೂ ಇಲ್ಲ.

ಹಾಗಾದರೆ ಗಡಿಯಾರವೇ ಬೇಡವೇ? ಇಲ್ಲೇ ಅನೇಕರು ಎಡವುತ್ತಾರೆ. ಯುರೋಪಿನಲ್ಲಿ ಗಡಿಯಾರ ಬೇಕೆಂದು ಕೋರ್ಟಿಗೆ ಹೋದದ್ದು ಕಾರ್ಮಿಕ ಸಂಘ. ಸ್ಪೇನಿನ ಡಾಯ್ಚ ಬ್ಯಾಂಕು ಇಡೀ ದಿನದ ಗೈರುಹಾಜರಿ ಮಾತ್ರ ಬರೆದಿಡುತ್ತಿತ್ತು, ದಿನಕ್ಕೆ ಎಷ್ಟು ಗಂಟೆ ಎಂದು ಬರೆಯುತ್ತಿರಲಿಲ್ಲ. ದಾಖಲೆಯಿಲ್ಲದೆ ಹೆಚ್ಚುವರಿ ದುಡಿಮೆ ಸಾಬೀತು ಮಾಡುವುದು ಹೇಗೆ ಎಂದು ಸಿಸಿಒಒ ಎಂಬ ಸಂಘ ಕೇಳಿತು. 2019ರ ಮೇ 14ರಂದು ಯುರೋಪಿಯನ್ ನ್ಯಾಯಾಲಯ, ದಿನದ ದುಡಿಮೆ ಅಳೆಯುವ ವ್ಯವಸ್ಥೆ ಪ್ರತಿ ಮಾಲೀಕನಲ್ಲೂ ಇರಬೇಕು, ಅದು ವಸ್ತುನಿಷ್ಠವಾಗಿ, ನಂಬುವಂತೆ, ಕೈಗೆಟುಕುವಂತೆ ಇರಬೇಕು ಎಂದಿತು. ಯಂತ್ರ ಯಾವುದು ಎಂದು ಹೇಳಲಿಲ್ಲ. ಪುಸ್ತಕವಾದರೂ ಸರಿ. ಸ್ಪೇನಿನ ಕಾನೂನು ಆ ದಾಖಲೆಯನ್ನು ನಾಲ್ಕು ವರ್ಷ ಇಡಬೇಕು, ನೌಕರ ಕೇಳಿದಾಗ ತೋರಿಸಬೇಕು ಎನ್ನುತ್ತದೆ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ, ಮೀರಿದರೆ ದುಪ್ಪಟ್ಟು ಕೂಲಿ ಎಂದು ಬರೆದಿಟ್ಟಿತ್ತು. 2023ರಲ್ಲಿ ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು, ವಾರದ 48 ಹಾಗೇ ಇಟ್ಟು, ದಿನವನ್ನು 12 ಗಂಟೆಯವರೆಗೆ ಒಯ್ಯಲು ದಾರಿ ಮಾಡಿತು. ನಾಲ್ಕು ದಿನ ದುಡಿದು ಮೂರು ದಿನ ರಜೆ ಎಂದು ಕೇಳಲು ಚೆನ್ನಾಗಿದೆ. ಐದನೇ ದಿನವೂ ಕರೆದರು ಎಂದಾದರೆ ಅದನ್ನು ತೋರಿಸುವ ಕಾಗದ ಯಾರ ಹತ್ತಿರ ಇರುತ್ತದೆ ಎಂಬುದರ ಮೇಲೆ ಆ ಕಾನೂನಿನ ಅರ್ಥವೇ ನಿಂತಿದೆ. ನೌಕರರ ಬೆರಳು, ಮುಖಗಳ ವಿಚಾರದಲ್ಲಿ ಹೊಸ ಕಾನೂನಿನ ಆಸರೆಯೂ ಅಷ್ಟಕ್ಕಷ್ಟೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮು ಉದ್ಯೋಗದ ಉದ್ದೇಶಕ್ಕಾದರೆ ಒಪ್ಪಿಗೆಯೇ ಬೇಡ ಎನ್ನುತ್ತದೆ.

2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕೇಂದ್ರ ಸರ್ಕಾರ ತನ್ನ ಕಚೇರಿಗಳ ಬೆರಳಚ್ಚು ಯಂತ್ರಗಳನ್ನು ಬದಿಗಿಟ್ಟು ರಿಜಿಸ್ಟರಿನಲ್ಲಿ ಸಹಿ ಮಾಡಿ ಎಂದಿತು. ಆಫೀಸುಗಳು ಮುಳುಗಲಿಲ್ಲ. ಆದ್ದರಿಂದ ಧಣಿಯ ಹೋಟೆಲಿಗೂ ಯಂತ್ರವೇ ಆಗಬೇಕೆಂದಿಲ್ಲ. ಬಿಲ್ ಪುಸ್ತಕದ ಹಾಗೆ ಕಾರ್ಬನ್ ಇಟ್ಟ ಹಾಜರಿ ಪುಸ್ತಕ ಸಾಕು: ಬಂದ ಹೊತ್ತು, ಮಧ್ಯಾಹ್ನ ಬಿಟ್ಟ ಹೊತ್ತು, ಮತ್ತೆ ಸೇರಿದ ಹೊತ್ತು, ನೆಲ ಒರೆಸಿ ಹೊರಟ ಹೊತ್ತು, ಇಬ್ಬರ ಸಹಿ, ವಾರದ ಕೊನೆಗೆ ಹರಿದ ಪ್ರತಿ ಕೆಲಸದವನ ಜೇಬಿಗೆ. ಯಂತ್ರವೇ ಬೇಕೆಂದರೆ ಕೊಳ್ಳಲಿ. ಆದರೆ ಅದನ್ನು ಬಾಗಿಲಿನಿಂದ ತೆಗೆದು, ಕೊನೆಯ ಕೆಲಸ ಮುಗಿಯುವ ಮೋರಿಯ ಪಕ್ಕದ ಗೋಡೆಗೆ ಹಾಕಲಿ. ಮಾರಲು ಬಂದವರು ಲೇಟಾಗಿ ಬಂದವರ ಪಟ್ಟಿಯನ್ನು ಒಂದೇ ಗುಂಡಿ ಒತ್ತಿ ತೋರಿಸುತ್ತಾರೆ. ಲೇಟಾಗಿ ಹೋದವರ ಪಟ್ಟಿಯನ್ನೂ ಹಾಗೇ ತೋರಿಸಿ, ಅದರ ಒಂದು ಪ್ರತಿ ಅವರವರ ಮೊಬೈಲಿಗೆ ಕನ್ನಡದಲ್ಲೋ ಹಿಂದಿಯಲ್ಲೋ ಹೋಗುವಂತೆ ಮಾಡಿ ಎಂದು ಧಣಿ ಅವರಿಗೆ ಅಲ್ಲೇ, ದುಡ್ಡು ಕೊಡುವ ಮೊದಲು ಹೇಳಲಿ.