ಏರ್‌ಪೋರ್ಟ್ ಬರುತ್ತೆ ಅಂದೋರಿಗೆ ಮೂರು ಪ್ರಶ್ನೆ ಕೇಳಿ

"ಅಣ್ಣಾ, ನೀವು ಪೇಪರ್‌ನೋರಲ್ವಾ, ನಮ್ಮ ಕಡೆ ಏರ್‌ಪೋರ್ಟ್ ಆಗೋದು ನಿಜಾನಾ? ಬ್ರೋಕರ್ ಬಂದು ಕೂತವ್ನೆ. ಜಮೀನು ಕೊಡ್ಲಾ, ಬೇಡ್ವಾ?"

ಇಂಥ ಫೋನು ನಮಗೆ ಆಗಾಗ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು, ಬೆಂಗಳೂರಿನ ಎರಡನೇ ಏರ್‌ಪೋರ್ಟ್‌ಗೆ ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಒಂದು ಜಾಗ ನೋಡಿಕೊಂಡು ಹೋದ ಮೇಲಂತೂ ಇದು ಜಾಸ್ತಿಯಾಗಿದೆ. ಜಾಗ ಊಹೆ ಮಾಡಿ ಹೇಳುವುದು ನಮ್ಮ ಕೆಲಸವಲ್ಲ. ಆದರೆ ನಮ್ಮ ದೇಶದ ಏರ್‌ಪೋರ್ಟ್‌ಗಳು ಬೆಳೆದು ಬಂದ ದಾರಿ ನೋಡಿದರೆ, ಹಳ್ಳಿಯವರು ಏನು ಕೇಳಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ತುಂಬಿದ ಸಣ್ಣ ವಿಮಾನ ಹಾರಿಸಿಕೊಂಡು ಮುಂಬೈನ ಜುಹುಗೆ ಬಂದಿಳಿದರು. ಆ ಟಪಾಲು ನಮ್ಮ ಬಳ್ಳಾರಿ ಮೇಲೆ ಮದ್ರಾಸಿಗೆ ಹೋಯಿತು. ಆಗ ಜುಹು ಅಂದರೆ ಕಡಲ ಪಕ್ಕದ ಒಂದು ಬಯಲು. ಮಳೆಗಾಲದಲ್ಲಿ ನೀರು ನಿಂತರೆ ವಿಮಾನ ಇಳಿಯುವ ಹಾಗಿರಲಿಲ್ಲ. ಆಮೇಲೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯ ಬಳಸಿದ ಸಾಂತಾಕ್ರೂಜ್ ಮತ್ತು ಪಾಲಂ ರನ್‌ವೇಗಳೇ ಮುಂಬೈ, ದೆಹಲಿಯ ದೊಡ್ಡ ಏರ್‌ಪೋರ್ಟ್‌ಗಳಾದವು. 1972ರಲ್ಲಿ ಅಂತಾರಾಷ್ಟ್ರೀಯ ನಿಲ್ದಾಣಗಳಿಗೇ ಬೇರೆ ಪ್ರಾಧಿಕಾರ ಮಾಡಿದಾಗ ಅದರ ಕೈಗೆ ಬಂದದ್ದು ನಾಲ್ಕೇ ನಾಲ್ಕು: ಮುಂಬೈ, ದೆಹಲಿ, ಕಲ್ಕತ್ತಾ, ಮದ್ರಾಸ್.

ಅಲ್ಲಿಯವರೆಗೆ ಏರ್‌ಪೋರ್ಟ್ ಅನ್ನುವುದು ದೊಡ್ಡ ಪಟ್ಟಣದ ವಿಷಯ, ಸರ್ಕಾರದ ವಿಷಯ. ಅದು ಬದಲಾದದ್ದು ಕೊಚ್ಚಿಯಲ್ಲಿ. ಗಲ್ಫ್‌ನಲ್ಲಿ ದುಡಿಯುತ್ತಿದ್ದವರೂ ಸೇರಿ ಸುಮಾರು 30 ದೇಶಗಳಲ್ಲಿದ್ದ ಸಾವಿರಾರು ಜನ ಹಣ ಹಾಕಿದರು, ಕೇರಳ ಸರ್ಕಾರವೂ ಕೈಜೋಡಿಸಿತು. ನೆಡುಂಬಾಶ್ಶೇರಿ ಅನ್ನುವ ಊರಿನಲ್ಲಿ 1999ರಲ್ಲಿ ಏರ್‌ಪೋರ್ಟ್ ಶುರುವಾಯಿತು. 2006ರಲ್ಲಿ ದೆಹಲಿ, ಮುಂಬೈ ಖಾಸಗಿ ಕಂಪನಿಗಳ ಕೈಗೆ ಹೋದವು. 2008ರಲ್ಲಿ ಹೈದರಾಬಾದಿನದು ಶಂಷಾಬಾದಿಗೆ ಹೋಯಿತು, ಬೆಂಗಳೂರಿನದು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಬಂತು.

ಅಂದರೆ ಪಟ್ಟಣದೊಳಗಿದ್ದ ಏರ್‌ಪೋರ್ಟ್ ಹಳ್ಳಿಯ ಹೊಲಕ್ಕೆ ಬಂತು. ಪಟ್ಟಣದಲ್ಲಿ ಜಾಗ ಇಲ್ಲ, ಹಳ್ಳಿಯಲ್ಲಿ ಇದೆ. ಲೆಕ್ಕ ಇಷ್ಟೇ.

ನಾವು ಏರ್‌ಪೋರ್ಟ್ ಬೇಡ ಅನ್ನುವವರಲ್ಲ. ಗಲ್ಫ್‌ಗೆ ಹೋಗಬೇಕಾದ ಕರಾವಳಿಯ ಹುಡುಗರು ಒಂದು ಕಾಲದಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಮುಂಬೈಗೆ ಹೋಗಿ ವಿಮಾನ ಹತ್ತುತ್ತಿದ್ದರು. 2006ರಿಂದ ಮಂಗಳೂರಿನಿಂದಲೇ ದುಬೈಗೆ ವಿಮಾನ ಹಾರುತ್ತಿದೆ. ಇದು ಸಣ್ಣ ಉಪಕಾರವಲ್ಲ. ನಮ್ಮ ತಕರಾರು ಬೇರೆ. ದೇವನಹಳ್ಳಿಯನ್ನೇ ನೋಡಿ. ಏರ್‌ಪೋರ್ಟ್‌ಗೆ ಸುಮಾರು 4,000 ಎಕರೆ ಹೋಯಿತು. ಅಲ್ಲಿಗೆ ಮುಗಿಯಲಿಲ್ಲ. ಏರೋಸ್ಪೇಸ್ ಪಾರ್ಕ್‌ಗೆ ಅಂತ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟಿಸ್ ಬಂತು. ದ್ರಾಕ್ಷಿ, ರಾಗಿ, ತರಕಾರಿ, ರೇಷ್ಮೆ ಬೆಳೆಯುವ ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟೆವು ಅಂದರು. ಏರ್‌ಪೋರ್ಟ್ ಅನ್ನುವುದು ಕಾಂಪೌಂಡಿನೊಳಗೆ ನಿಲ್ಲುವ ಪೈಕಿ ಅಲ್ಲ. ಅದರ ಹಿಂದೆಯೇ ರಸ್ತೆ, ಲೇಔಟು, ಹೋಟೆಲು, ಪಾರ್ಕು ಎಲ್ಲವೂ ಬರುತ್ತವೆ.

ಅದಕ್ಕೇ ಗ್ರಾಮಸಭೆಯಲ್ಲಿ ಈ ಮೂರು ಪ್ರಶ್ನೆ ಕೇಳಿ ಅನ್ನುತ್ತೇವೆ.

ಒಂದು, ನೋಟಿಸ್ ಯಾವ ಕಾಯ್ದೆಯದು? ಖಾಸಗಿ ಪಾಲುದಾರಿಕೆಯ ಯೋಜನೆಗೆ ಜಮೀನು ಕಳಕೊಳ್ಳುವವರಲ್ಲಿ ನೂರಕ್ಕೆ 70 ಜನ ಒಪ್ಪಬೇಕು ಅನ್ನುವ ಮಾತು 2013ರ ಕೇಂದ್ರ ಕಾಯ್ದೆಯಲ್ಲಿತ್ತು. ಚನ್ನರಾಯಪಟ್ಟಣದವರಿಗೆ ಬಂದದ್ದು 1966ರ ಕೆಐಎಡಿಬಿ ಕಾಯ್ದೆಯ ನೋಟಿಸ್. ಅದರಲ್ಲಿ ಆ ಒಪ್ಪಿಗೆಯ ಮಾತೇ ಇಲ್ಲ.

ಎರಡು, ಪೂರ್ತಿ ನಕ್ಷೆ ಎಲ್ಲಿ? ರನ್‌ವೇಗೆ ಎಷ್ಟು, ಆಮೇಲೆ ಬರುವ ಪಾರ್ಕು, ರಸ್ತೆಗೆ ಎಷ್ಟು, ಮೊದಲೇ ಸರ್ವೆ ನಂಬರ್ ಸಮೇತ ಹೇಳಲಿ. ಕಂತು ಕಂತಾಗಿ ಬೇಡ.

ಮೂರು, ನಮ್ಮ ಪಾಲು ಏನು? ಕೊಚ್ಚಿಯಲ್ಲಿ ಹಣ ಹಾಕಿದವರಿಗೆ ಷೇರು ಸಿಕ್ಕಿತು. ಹಾಗಾದರೆ ಹೊಲ ಕೊಟ್ಟವರಿಗೆ ಯಾಕೆ ಷೇರು ಕೊಡಬಾರದು? ಪರಿಹಾರದ ದುಡ್ಡು ಮನೆ, ಮದುವೆ, ಕಾರು ಅಂತ ಕರಗಿಹೋಗುತ್ತದೆ. ಏರ್‌ಪೋರ್ಟ್ ಇರುವಷ್ಟು ಕಾಲ ವರ್ಷಕ್ಕಿಷ್ಟು ಅಂತ ಬಂದರೆ ಮೊಮ್ಮಕ್ಕಳಿಗೂ ಸಿಗುತ್ತದೆ. ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರ, ಬಗರ್‌ಹುಕುಂ ಸಾಗುವಳಿದಾರರ ಗತಿ ಏನು ಅಂತಲೂ ಕೇಳಿ.

ಇನ್ನು ಫೋನ್ ಮಾಡಿದ ಆ ತಮ್ಮನಿಗೆ ನಾವು ಹೇಳಿದ್ದು ಇಷ್ಟು. ಆತುರ ಬೇಡ. ದೇವನಹಳ್ಳಿ ಏರ್‌ಪೋರ್ಟ್ ಕಂಪನಿಯ ಒಪ್ಪಂದದ ಪ್ರಕಾರ, ಮೈಸೂರು, ಹಾಸನ ಬಿಟ್ಟರೆ 150 ಕಿಲೋಮೀಟರ್ ಒಳಗೆ 2033ರವರೆಗೆ ಹೊಸ ಅಂತಾರಾಷ್ಟ್ರೀಯ ಏರ್‌ಪೋರ್ಟ್ ಬರುವಂತಿಲ್ಲ. ನಾಳೆಯೇ ವಿಮಾನ ಇಳಿಯುತ್ತೆ ಅನ್ನುವ ಬ್ರೋಕರ್ ಮಾತಿಗೆ ಅಗ್ರಿಮೆಂಟ್ ಹಾಕಬೇಡ, ಜಿಪಿಎಗೆ ಸಹಿ ಮಾಡಬೇಡ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಮೊದಲು ನಾಡಕಚೇರಿಗೆ ಹೋಗಿ ಪೌತಿ ಖಾತೆ ಮಾಡಿಸಿಕೋ. ಏರ್‌ಪೋರ್ಟ್ ಬಂದರೂ, ಬರದಿದ್ದರೂ ಅದು ಕೆಲಸಕ್ಕೆ ಬರುತ್ತದೆ.