ಮಕ್ಕಳೂ ವಸ್ತುಸಂಗ್ರಹಾಲಯವೂ

ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವುದು ವ್ಯರ್ಥವೆಂದು ವಾದಿಸುವ ಮಹನೀಯರು ಇಂದಿಗೂ ಕಡಮೆಯಿಲ್ಲ. ಮಕ್ಕಳಿಗೆ ಚರಿತ್ರೆಯಲ್ಲಿ ಆಸಕ್ತಿಯಿಲ್ಲ, ಶಿಲಾಶಾಸನವನ್ನು ಕಂಡರೆ ಆಕಳಿಸುತ್ತಾರೆ, ಗದ್ದಲ ಮಾಡುತ್ತಾರೆ, ಮುಟ್ಟಬಾರದುದನ್ನು ಮುಟ್ಟುತ್ತಾರೆ—ಇವು ಅವರು ಹೊರಿಸುವ ದೋಷಗಳು. ಆಪಾದಿತರು ಎದುರುವಾದಿಸಲಾರದ ಎಳೆಯರಾದುದರಿಂದ ತೀರ್ಪು ಏಕಪಕ್ಷೀಯವಾಗಿಯೇ ಹೊರಬೀಳುತ್ತಿದೆ. ಆದರೆ ವಿಚಾರಣೆಯನ್ನು ನ್ಯಾಯವಾಗಿ ನಡೆಸಿದರೆ ಅಪರಾಧವು ಮಕ್ಕಳ ಮೇಲಲ್ಲ, ಅವರನ್ನು ಕರೆದೊಯ್ಯುವ ಹಿರಿಯರ ಮೇಲೆ ನಿಲ್ಲುವುದು.

ಈ ಪ್ರವಾಸಗಳು ನಡೆಯುವ ರೀತಿಯನ್ನೇ ನೋಡಬಹುದು. ನೂರು ಮಕ್ಕಳು ಬಸ್ಸಿನಿಂದಿಳಿದು ಸಾಲಾಗಿ ಒಳಹೋಗುತ್ತಾರೆ. ನಾಣ್ಯ, ಆಯುಧ, ತಾಳೆಗರಿ, ವಿಗ್ರಹ, ಶಾಸನ—ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಮುಗಿಸಬೇಕು. ಮಾತಾಡಬೇಡಿ, ನಿಲ್ಲಬೇಡಿ, ಮುಂದೆ ನಡೆಯಿರಿ ಎಂಬ ಮೂರು ಅಪ್ಪಣೆಗಳ ಹೊರತು ನಾಲ್ಕನೆಯ ಮಾತು ಮಕ್ಕಳ ಕಿವಿಗೆ ಬೀಳುವುದಿಲ್ಲ. ಕಲ್ಲಿನ ಪಕ್ಕದ ಫಲಕವಾದರೂ ಮಾತನಾಡೀತೆಂದರೆ, ಅನೇಕ ಕಡೆ ಅದರಲ್ಲಿರುವುದು ‘ವೀರಗಲ್ಲು, 10ನೆಯ ಶತಮಾನ’ ಎಂಬಷ್ಟೇ ಅಕ್ಷರಗಳು. ನೂರು ಭಕ್ಷ್ಯಗಳನ್ನು ಬಡಿಸಿದ ಎಲೆಗಳ ಮುಂದೆ ಹಸಿದವನನ್ನು ಓಡಿಸಿ, ಇವನಿಗೆ ಹಸಿವೆಯೇ ಇಲ್ಲವೆಂದು ನಿಂದಿಸುವುದಕ್ಕೂ ಇದಕ್ಕೂ ಭೇದವೇನು?

ಮಕ್ಕಳಿಗೆ ಶಾಸನ ರುಚಿಸದೆಂಬ ಮಾತನ್ನು ಅಲ್ಲಗಳೆಯಲು ಒಂದೇ ನಿದರ್ಶನ ಸಾಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಕಲ್ಲೊಂದು, 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತಾಗಿದೆ. ಕ್ರಿ. ಶ. 949ರ ಸುಮಾರಿಗೆ ತಕ್ಕೋಲದ ರಣರಂಗದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನಿಗೆ ಬನವಾಸಿಯೇ ಮೊದಲಾದ ನಾಡುಗಳು ದೊರೆತುವು. ಬೂತುಗನು ತನ್ನ ಸೇವಕನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಆ ವೀರನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು! ಆ ಕಾಳಿಯು ಮುಂದೆ ಕಾಡುಹಂದಿಯೊಡನೆ ಹೋರಾಡಿತು; ಎರಡೂ ಸತ್ತುವು. ನಾಯಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು. ಅದಕ್ಕೆ ಭೂಮಿಯನ್ನೂ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವು ತಟ್ಟುವುದೆಂದು ಬರೆಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಕಾದುವ ಶಿಲ್ಪವಿದೆ. ಈ ಕಥೆಯನ್ನು ಕೇಳಿ ಆಕಳಿಸುವ ಹತ್ತು ವರುಷದ ಮಗುವು ಎಲ್ಲಿದೆ? ಕಥೆಯನ್ನು ಹೇಳದೆ ಕಲ್ಲನ್ನು ದಾಟಿಸಿದವರಿಗೆ, ಮಗುವಿನ ಆಕಳಿಕೆಯನ್ನು ದೂರುವ ಅಧಿಕಾರವೆಲ್ಲಿಯದು?

ಹಳಗನ್ನಡದ ಲಿಪಿಯು ಮಕ್ಕಳಿಗೆ ತಿಳಿಯದೆಂಬುದು ಇನ್ನೊಂದು ಆಕ್ಷೇಪ. ಅದು ಬಹುಮಂದಿ ಹಿರಿಯರಿಗೂ ತಿಳಿಯದು. ಆದರೆ ವೀರಗಲ್ಲಿನ ಶಿಲ್ಪವು ಅಕ್ಷರವರಿಯದವರಿಗೂ ಅರ್ಥವಾಗುವಂಥದು. ಸಾಮಾನ್ಯವಾಗಿ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ಮಡಿದ ವೀರನನ್ನು ಅಪ್ಸರೆಯರು ಕೊಂಡೊಯ್ಯುವುದು, ಮೇಲಣ ಪಟ್ಟಿಕೆಯಲ್ಲಿ ದೇವಸನ್ನಿಧಿ. ಈ ಕ್ರಮವನ್ನು ಹತ್ತು ನಿಮಿಷಗಳಲ್ಲಿ ಕಲಿತ ಬಾಲಕನು ಅಂಥ ಎಷ್ಟೋ ಕಲ್ಲುಗಳನ್ನು ತಾನೇ ಓದಬಲ್ಲನು.

ಇನ್ನು ಮುಟ್ಟುವ ಮಾತು. ಬೆವರಿನ ಕೈ ತಾಗಿದರೆ ಪ್ರಾಚೀನ ವಸ್ತುಗಳಿಗೆ ಹಾನಿಯುಂಟೆಂಬುದು ನಿರ್ವಿವಾದ. ಮುಟ್ಟಬಾರದೆಂಬ ನಿಯಮ ಸರಿಯಾದುದೇ. ಆದರೆ ಪ್ರಶ್ನೆ ಕೇಳಿದರೆ ಕಲ್ಲು ಸವೆಯುವುದಿಲ್ಲ. ಕೈಗೆ ಹಾಕಿದ ಕಟ್ಟನ್ನು ನಾಲಗೆಗೂ ಹಾಕಿದುದು ರಕ್ಷಣೆಯಲ್ಲ, ಸೋಮಾರಿತನ.

ಇದು ಕೇವಲ ವಿನೋದಪ್ರವಾಸದ ವಿಷಯವಲ್ಲ. ನಾಡಿನ ಚರಿತ್ರೆಯ ಕಲ್ಲುಗಳೆಲ್ಲ ಕಟ್ಟಡದೊಳಗೆ ಸೇರಿಲ್ಲ. ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ, ಹಾಳುಗುಡಿಯ ಅಂಗಳದಲ್ಲಿ ಅಸಂಖ್ಯಾತವಾಗಿ ಉಳಿದಿವೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ವಿದ್ವಾಂಸರ ಗಮನಕ್ಕೆ ತಂದ ಹಲ್ಮಿಡಿಯ ಶಾಸನವು ಅದುವರೆಗೆ ಬೇಲೂರು ತಾಲ್ಲೂಕಿನ ಒಂದು ಹಳ್ಳಿಯ ಕಲ್ಲುಗಳಲ್ಲಿ ಒಂದಾಗಿತ್ತು. ಅದನ್ನು ಯಾರಾದರೂ ಒಡೆದು ಪಾಯಕ್ಕೆ ಹಾಕಿದ್ದರೆ ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಅಗ್ರಗಣ್ಯವಾದುದು ಇಂದು ಇರುತ್ತಿರಲಿಲ್ಲ. ಉಳಿದ ಕಲ್ಲುಗಳಿಗೆ ಒಂದೊಂದಕ್ಕೂ ಕಾವಲುಗಾರನನ್ನು ನೇಮಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಅವುಗಳನ್ನು ಕಾಯಬಲ್ಲವರು ಆ ಊರುಗಳ ಮಕ್ಕಳೇ. ಇಂದು ವೀರಗಲ್ಲಿನ ಮುಂದೆ ಆಕಳಿಸುವಂತೆ ಮಾಡಲ್ಪಟ್ಟ ಬಾಲಕನೇ ನಾಳೆ ಊರಿನ ಯಜಮಾನನಾಗಿ, ರಸ್ತೆ ಅಗಲ ಮಾಡುವಾಗ ಅದನ್ನು ಜಲ್ಲಿಗೆ ಒಡೆಸುವನು. ಆಗ ಅವನನ್ನು ಶಪಿಸಿ ಪ್ರಯೋಜನವೇನು?

ಇದರ ಪರಿಹಾರಕ್ಕೆ ಹಣವೂ ಹೆಚ್ಚು ಬೇಡ, ಸಮಿತಿಯೂ ಬೇಡ. ಒಂದು ಭೇಟಿಗೆ ಒಂದೆರಡು ವಸ್ತುಗಳು ಸಾಕು. ಉಪಾಧ್ಯಾಯರು ಮುಂಚಿತವಾಗಿ ಹೋಗಿ ಕಲ್ಲನ್ನು ನೋಡಿ, ಅದರ ಕಥೆಯನ್ನು ತಿಳಿದುಕೊಂಡಿರಬೇಕು. ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕಲ್ಲಿನ ಮುಂದೆ ಕುಳ್ಳಿರಿಸಿ, ಮೊದಲು ಅವರ ಕಣ್ಣಿಗೆ ಕಂಡುದನ್ನು ಹೇಳಿಸಿ, ಅನಂತರ ತಾವು ಹೇಳಬೇಕು. ಊರಿಗೆ ಹಿಂದಿರುಗಿದ ಮೇಲೆ ತಮ್ಮ ಊರಿನ ಕಲ್ಲೊಂದನ್ನು ಹುಡುಕಿ ಅದರ ಚಿತ್ರ ಬರೆಯಲು ತಿಳಿಸಬೇಕು. ಇಷ್ಟನ್ನೂ ಮಾಡದವರು ಮಕ್ಕಳ ನಿರಾಸಕ್ತಿಯ ಕುರಿತು ಬಾಯಿ ತೆರೆಯದಿರುವುದೇ ಮರ್ಯಾದೆ.